ದೊಡ್ಡ ಸೈಟಿನ ಪುಟ್ಟ ಟೆಂಟು

ಸೆಪ್ಟೆಂಬರಿನ ಲೇಬರ್ ಡೇ ರಜೆಯ ಶುಕ್ರವಾರ ಸಂಜೆ, ಅಮೆರಿಕದ ಷಾರ್ಲೆಟ್ ನಗರ ದಾಟಿದ ಮೇಲಿನ ಕ್ಯಾಂಪ್‌ಗ್ರೌಂಡ್‌ನ ಆಫೀಸು. ಜಾಗ ಬುಕ್ ಮಾಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಫೋನಿನಲ್ಲಿ ಮಾತ್ರ ಅದರ ಸುಳಿವಿಲ್ಲ. ಮನೆಯಂತೆ ಉಳಿದುಕೊಳ್ಳಬಹುದಾದ ನಮ್ಮ ಮೂವತ್ತನಾಲ್ಕು ಅಡಿಯ ಗಾಡಿ, ಆರ್‌ವಿಗೆ, ಉಳಿದಿರುವುದು ಕರೆಂಟಿಲ್ಲದ ಮೈದಾನವಂತೆ. ರಾತ್ರಿ ಜನರೇಟರ್ ಹಾಕುವಂತಿಲ್ಲ. ಅತ್ತೆ ಮಲಗುವಾಗ ಹಾಕಿಕೊಳ್ಳುವ ಉಸಿರಾಟದ ಮೆಷಿನ್‌ಗೆ ಕರೆಂಟು ಬೇಕೇ ಬೇಕು.

“ನೆನಪು ತೋರಿಸಿದ್ರೆ ಸೈಟ್ ಕೊಡ್ತಾರಾ?” ಎಂದು ಗಂಡ ಕೆಣಕಿದ.

ಹಿಂದೆ ಐಸ್ ಕೊಳ್ಳಲು ನಿಂತಿದ್ದ ಹಿರಿಯರೊಬ್ಬರು, “ನಂದು ಪುಟ್ಟ ಟೆಂಟು, ಸಿಕ್ಕಿದ್ದು ಕರೆಂಟಿರೋ ದೊಡ್ಡ ಸೈಟು. ಬದಲಾಯಿಸಿಕೊಳ್ಳೋಣ,” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಫೀಸಿನಾಕೆಯೂ ಒಪ್ಪಿದಳು.

ಟೆಂಟು ಬಿಚ್ಚಲೇ ಇಲ್ಲ. ಗೂಟ ಕಿತ್ತು, ಅವರೂ ನಾವು ಮೂವರೂ ಮೂಲೆಗೊಬ್ಬರಂತೆ ಹಿಡಿದು, ಹಾಗೆಯೇ ಎತ್ತಿಕೊಂಡು ಮೈದಾನಕ್ಕೆ ನಡೆದೆವು. ನನ್ನ ನೆನಪನ್ನು ನಂಬದೆ ಅದರ ಬಣ್ಣ ಈಗಲೇ ಬರೆದಿಡುತ್ತೇನೆ: ನೀಲಿ.

“ನಿಧಾನ ಕಣೋ,” ಎಂದು ಅತ್ತೆ ಮಗನನ್ನು ಗದರಿದರು, “ಅವರ ದಿಂಬು ಒಳಗೇ ಇದೆ!”