ಕೆಂಪಾಜಮ್ಮನ ಮನೆಯ ನಾಲ್ಕು ಕುರ್ಚಿ

ಕೆಂಪಾಜಮ್ಮ ಬಡವಳಲ್ಲ ಎಂದು ಸರ್ಕಾರದ ಕಾಗದದಲ್ಲಿ ಬರೆದ ಪುಣ್ಯಾತ್ಗಿತ್ತಿ ನಾನೇ. ಬೇರೆ ಯಾರ ತಲೆಗಾದರೂ ಕಟ್ಟೋಣವೆಂದರೆ ಕೆಳಗೆ ನನ್ನ ಸಹಿ ಇದೆ. ಇಪ್ಪತ್ತೆಂಟು ವರ್ಷ ಮಕ್ಕಳ ತಪ್ಪು ತಿದ್ದಿದ ಟೀಚರು ನಾನು. ಅವತ್ತು ನನ್ನ ಬುದ್ಧಿಗೆ ಏನು ಬಡಿದಿತ್ತೋ ಆ ಶಿವನೇ ಬಲ್ಲ.

ಬಿಳಿಗೆರೆಯ ಆಚೆಗಿನ ಆ ಹಳ್ಳಿಯ ಶಾಲೆಗೆ ನಾನು ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ನಾನು ಇಳಿಯುವ ಬಸ್ಸಿಗೇ ಕೆಂಪಾಜಮ್ಮ ಹತ್ತುತ್ತಿದ್ದಳು. ತಿ. ನರಸೀಪುರದ ದಾರಿಯಲ್ಲಿ ಸರ್ಕಾರದ ಒಂದು ರೇಷ್ಮೆ ನೂಲಿನ ಕಾರ್ಖಾನೆ ಇತ್ತು, ಅವಳಿಗೆ ಅಲ್ಲಿ ಕೆಲಸ. ಬಿಸಿನೀರಿನಲ್ಲಿ ತೇಲುವ ರೇಷ್ಮೆಗೂಡಿಗೆ ಕೈ ಹಾಕಿ ಎಳೆಯ ತುದಿ ಹುಡುಕಬೇಕು. ಹದಿನಾರು ವರ್ಷ ಅದನ್ನೇ ಮಾಡಿ ಬೆರಳ ತುದಿಯೆಲ್ಲ ಬೆಳ್ಳಗೆ ಊದಿಕೊಂಡಿತ್ತು. “ನನ್ ಎಬ್ಬೆಟ್ಟು ಒತ್ತುದ್ರೆ ಬರೀ ಮಸಿ ಬೀಳ್ತದೆ ಟೀಚರಮ್ಮ, ಗೆರೆನೇ ಇಲ್ಲ. ಸೈನ್ ಆಕದ ಕಲ್ತಿದ್ದೇ ಅದ್ಕೆ” ಎಂದು ನಗುತ್ತಿದ್ದಳು. ಸಂಬಳದ ದಿನ ಮುಡಿ ತುಂಬ ಕನಕಾಂಬರ, ನನ್ನ ಶಿಷ್ಯೆಯಾದ ಮಗಳು ಮಧುಶ್ರೀಗೆ ಪೊಟ್ಟಣದ ತುಂಬ ಕಳ್ಳೇಪುರಿ. ಯಾರ ಮನೆಯ ಬಾಗಿಲಲ್ಲೂ ಕೈಯೊಡ್ಡಿ ನಿಂತವಳಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಚೀನಾದ ರೇಷ್ಮೆ ಬಂದು ಬಿತ್ತು. ಹೊರಗಿನ ಮಾಲು ಅಗ್ಗ, ಬಾಗಿಲು ತೆರೆಯಿರಿ, ನಷ್ಟದ ಕಾರ್ಖಾನೆ ಸಾಕುವುದು ಸರ್ಕಾರದ ಕೆಲಸವಲ್ಲ ಎಂದು ಪೇಪರಿನಲ್ಲಿ ದೊಡ್ಡ ದೊಡ್ಡವರು ಬರೆದರು. ಕಾರ್ಖಾನೆಗೆ ಬೀಗ ಬಿತ್ತು. ಒಳಗಿದ್ದವರಿಗೆಲ್ಲ ಸ್ವಯಂ ನಿವೃತ್ತಿಯಂತೆ. ಎಂಥ ಚೆಂದದ ಹೆಸರು! ಕತ್ತು ಹಿಡಿದು ಆಚೆಗೆ ದಬ್ಬಿ, ನೀನಾಗಿಯೇ ಹೋದೆ ಅಂತ ಬರೆಸಿಕೊಂಡ ಹಾಗೆ. ಬಂದ ದುಡ್ಡು ಮಧುಶ್ರೀಯ ಮದುವೆಗೆ ಹೋಯಿತು. ಉಳಿದದ್ದು, ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಗಂಡ ಕೆಂಪಯ್ಯನ ಆಸ್ಪತ್ರೆಗೆ. ಅವನು ಮತ್ತೆ ಎದ್ದು ನಡೆಯಲಿಲ್ಲ. ನಾಟಿಗೆ ಹೋಗೋಣವೆಂದರೆ ಕೆಂಪಾಜಮ್ಮನ ಬೆರಳು ಕೆಸರಿಗಿಟ್ಟರೆ ಒಡೆದು ಕೀವಾಗುತ್ತಿತ್ತು. ಯಾರದೋ ಮನೆಯ ಕಾಳು ಕೇರಿ, ಅಂಗಳ ಗುಡಿಸಿ, ರೇಷನ್ ಅಕ್ಕಿಯಲ್ಲಿ ಇಬ್ಬರ ಹೊಟ್ಟೆ ನಡೆಯುತ್ತಿತ್ತು. ಇದಿಷ್ಟೂ ನನಗೆ ಆಮೇಲೆ ತಿಳಿದದ್ದು. ಬಸ್ಸಿನಲ್ಲಿ ಕಾಣದವಳನ್ನು ನಾನು ಮರೆತೇಬಿಟ್ಟಿದ್ದೆ.

ಮೊದಲೆಲ್ಲ ರೇಷನ್ ಕಾರ್ಡು ಅಂದರೆ ಒಂದೇ ಕಾರ್ಡು. ಜಮೀನ್ದಾರನ ಮನೆಯ ಚೀಲವೂ ಕೂಲಿಯವಳ ಚೀಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದವು. ಎಲ್ಲರಿಗೂ ಕೊಡುವುದು ದಂಡ, ಬಡವರನ್ನು ಹುಡುಕಿ ಅವರಿಗಷ್ಟೇ ಕೊಡಿ ಎಂದು ಮೇಲಿನವರು ತೀರ್ಮಾನಿಸಿದರು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆಯಲ್ಲ? ನಾನೂ ತಲೆಯಾಡಿಸಿದೆ. ಎರಡು ಸಾವಿರದ ಎರಡರಲ್ಲಿ ಬಡವರನ್ನು ಹುಡುಕುವ ಕೆಲಸಕ್ಕೆ ನನ್ನನ್ನೇ ಹಾಕಿದರು. ಕೈಯಲ್ಲಿ ಹದಿಮೂರು ಪ್ರಶ್ನೆಯ ಫಾರಂ. ಎಷ್ಟು ಜೊತೆ ಬಟ್ಟೆ ಇದೆ, ಕಕ್ಕಸು ಇದೆಯೇ, ಟಿವಿ ಇದೆಯೇ, ದಿನಕ್ಕೆ ಎಷ್ಟು ಹೊತ್ತು ಉಣ್ಣುತ್ತೀರಿ. ಒಂದೊಂದಕ್ಕೂ ಮಾರ್ಕ್ಸು. ಜಾಸ್ತಿ ಮಾರ್ಕ್ಸು ಬಂದವರು ಬಡತನದಲ್ಲಿ ಫೇಲು!

ಊರಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಒಂದು ಹುಲ್ಲಿನ ಮೆದೆಯಿಂದ ಸ್ಕೂಟರಿನ ಹ್ಯಾಂಡಲ್ ಇಣುಕುತ್ತಿದ್ದುದನ್ನು ನಾನೇ ಕಂಡೆ. ಕಳ್ಳರೇ, ಎಂದು ಮನಸ್ಸಿನಲ್ಲೇ ಬೈದುಕೊಂಡು ಮುಂದೆ ಹೋದೆ.

ಕೆಂಪಾಜಮ್ಮನ ಮನೆಗೆ ಹೋದಾಗ ಮಧ್ಯಾಹ್ನವಾಗಿತ್ತು. “ಅಯ್ಯೋ, ನನ್ ಮಗಳ ಟೀಚರಮ್ಮ! ಬನ್ನಿ ಬನ್ನಿ” ಎಂದು ಸಡಗರದಿಂದ ಒಳಗೆ ಕರೆದಳು. ನಾಲ್ಕು ಕುರ್ಚಿಗಳಿದ್ದವು. ಸೆರಗಿನಲ್ಲಿ ಒಂದನ್ನು ಒರೆಸಿ ಕೂರಿಸಿದಳು. ಮೂಲೆಯಲ್ಲಿ ಕಸೂತಿ ಬಟ್ಟೆ ಹೊದಿಸಿದ ಟಿವಿ. ಕಾರ್ಖಾನೆಯ ದುಡ್ಡಿನಲ್ಲಿ ಕೊಂಡಿರಬೇಕು ಅಂದುಕೊಂಡೆ. ಹಗ್ಗದ ಮಂಚದಲ್ಲಿ ಗಂಡ ಮುಸುಕು ಹಾಕಿ ಮಲಗಿದ್ದ, ಮಧ್ಯಾಹ್ನದ ನಿದ್ದೆ ಅಂದುಕೊಂಡೆ. “ಇವೆಲ್ಲ ನಿಮ್ಮವೇ ತಾನೆ?” ಎಂದು ನಿಯಮದ ಪ್ರಕಾರ ಕೇಳಿದೆ. ಒಂದು ಗಳಿಗೆ ತಡೆದು “ಊ” ಅಂದಳು. ಎಷ್ಟು ಬೇಡವೆಂದರೂ ಕೇಳದೆ ಮುದ್ದೆ, ಅವರೆಕಾಳಿನ ಸಾರು, ಮೇಲೆ ಬಿಸಿ ಅನ್ನ ಬಡಿಸಿದಳು. ಬಾಯಿಗೆ ತುತ್ತು ಹಾಕಿಕೊಳ್ಳುತ್ತಲೇ ನಾನು ಕೊನೆಯ ಪ್ರಶ್ನೆಗಳಿಗೆ ಬಂದೆ. “ವರ್ಷ ಪೂರ್ತಿ ಹೊತ್ತು ಹೊತ್ತಿಗೆ ಹೊಟ್ಟೆ ತುಂಬ ಊಟ ಇದೆಯಾ ಕೆಂಪಾಜಮ್ಮ?”

“ನಂಗೇನ್ ಕಡ್ಮೆ ಅದೆ ಟೀಚರಮ್ಮ, ಉಣ್ಣಿ ನೀವು.”

ನಾನು ಪೂರ್ತಿ ಮಾರ್ಕ್ಸು ಹಾಕಿದೆ. ಅವಳು ಉಂಡಳೋ ಇಲ್ಲವೋ ಎಂದು ಕೇಳಲೂ ಇಲ್ಲ.

ಕೆಲವು ತಿಂಗಳ ಮೇಲೆ ಶಾಲೆಯ ಗೋಡೆಗೆ ಬಡವರ ಪಟ್ಟಿ ಅಂಟಿಸಿದರು. ಕೆಂಪಾಜಮ್ಮನ ಹೆಸರು ಇರಲಿಲ್ಲ. ಅವಳು ಪಟ್ಟಿಯ ಮುಂದೆ ನಿಂತು ತನ್ನ ಹೆಸರಿಗಾಗಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹುಡುಕುತ್ತಿದ್ದಳು. “ಅಕ್ಕಿ ನಿಂತೋಯ್ತದಾ ಟೀಚರಮ್ಮ?” ಎಂದು ಕೇಳಿದಳು. ನನಗೆ ಏನೋ ಎಡವಟ್ಟಾಗಿದೆ ಅನ್ನಿಸಿ ಅವಳ ಜೊತೆಯಲ್ಲೇ ಮನೆಗೆ ಹೋದೆ. ಕುರ್ಚಿ, ಟಿವಿ ಅಲ್ಲೇ ಇದ್ದವು. ಆಗ ಕಣ್ಣಿಗೆ ಬಿತ್ತು: ಇಡೀ ಮನೆಗೆ ಇದ್ದದ್ದು ನೇತಾಡುವ ಒಂದೇ ಒಂದು ಬಲ್ಬು. ಒಂದು ಪ್ಲಗ್ಗು ಸಹ ಇಲ್ಲ.

“ಟಿವಿ ಎಲ್ಲಿಗೆ ಹಾಕ್ತೀಯಾ?” ಎಂದೆ.

ಹಗ್ಗದ ಮಂಚದ ಮೇಲಿಂದ ಕೆಂಪಯ್ಯ ಹೇಳಿದ: “ಅವು ನಮ್ವಲ್ಲ ಕಣ್ರವ್ವ. ಪಕ್ಕದ್ಮನೆ ವಿಶಾಲಮ್ಮಂವು.”

ವಿಶಾಲಮ್ಮ, ಅವಳ ಗಂಡ ಬಸವಯ್ಯ ಅಂಥ ಸಿರಿವಂತರೇನಲ್ಲ. ಎರಡೆಕರೆ ಬಾಳೆ. ಬಡವರ ಕಾರ್ಡು ಸಿಕ್ಕರೆ ಮಗಳು ಅರ್ಪಿತಳಿಗೆ ಹಾಸ್ಟೆಲ್ ಸೀಟು ಸಿಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಸಮೀಕ್ಷೆಯವರ ಕಣ್ಣಿಗೆ ಬೀಳದಿರಲೆಂದು ಸಾಮಾನು ತಂದು ಇಲ್ಲಿಟ್ಟಿದ್ದಳು. ‘ನಿಮ್ಮನೇಲಿ ಯಾರ್ ನೋಡಾರು, ನೀವು ಎಂಗೂ ಬಡವ್ರೇ’ ಎಂದು ಹೇಳಿ, ಯಾರಿಗೂ ಬಾಯಿ ಬಿಡಬೇಡವೆಂದು ನಂಜುಂಡೇಶ್ವರನ ಆಣೆ ಹಾಕಿಸಿಕೊಂಡಿದ್ದಳು. ಅವಳ ಹೆಸರು ಪಟ್ಟಿಗೆ ಬಂದಿತ್ತು, ಪಟ್ಟಿ ಕಾಯಂ ಆಗುವ ತನಕ ಸಾಮಾನು ಅಲ್ಲೇ ಇರಬೇಕಿತ್ತು.

“ಕುರ್ಚಿ ಹೋಗಲಿ, ಊಟದ್ದಾದರೂ ನಿಜ ಹೇಳಬಾರದಿತ್ತಾ?” ಎಂದು ನಾನು ರೇಗಿದೆ.

“ತಟ್ಟೆ ಮುಂದೆ ಕೂತ್ಕಂಡು ಉಣ್ತಿದ್ರಿ. ಅವಾಗ ನಮ್ಗೆ ಊಟಕ್ಕಿಲ್ಲ ಅಂತ ಎಂಗ್ ಏಳ್ಲಿ? ನಿಮ್ಗೆ ತುತ್ತು ಇಳೀತಿತ್ತಾ?”

ನೆಟ್ಟಗೆ ಪಂಚಾಯ್ತಿ ಮೆಂಬರ್ ಮರಿಸ್ವಾಮಿಯ ಹತ್ತಿರ ಹೋದೆ. ತಪ್ಪು ನನ್ನದು, ಹೆಸರು ಸೇರಿಸಿ ಅಂದೆ. ಅವನು ನಕ್ಕುಬಿಟ್ಟ. “ನಮ್ಮೂರ್ಗೆ ಇಷ್ಟೇ ಜನ ಬಡವ್ರು ಅಂತ ಮೇಲಿಂದ್ಲೇ ಬಂದದೆ ಮೇಡಂ. ಒಬ್ರು ಒಳಕ್ಕೆ ಬರ್ಬೇಕು ಅಂದ್ರೆ ಒಬ್ರು ಆಚ್ಗೆ ಓಗ್ಬೇಕು. ಯಾರ್ನ ತಗೀಲಿ, ನೀವೇ ಏಳಿ.” ಬಡವರು ಎಷ್ಟು ಎಂದು ಮೊದಲೇ ತೀರ್ಮಾನವಾಗಿದ್ದರೆ ನಾನು ಮನೆ ಮನೆ ಸುತ್ತಿದ್ದು ಯಾವ ಸೌಭಾಗ್ಯಕ್ಕೆ? ಮೊದಲು ರಸ್ತೆ, ನೀರು ಎಂದು ಓಟು ಕೇಳುತ್ತಿದ್ದ ಮರಿಸ್ವಾಮಿ ಈಗ ನಿಮ್ಮ ಹೆಸರು ಪಟ್ಟಿಗೆ ಹಾಕಿಸುತ್ತೇನೆ ಎಂದು ಕೇಳುತ್ತಿದ್ದ. ಪಕ್ಕದ ಮನೆಯವರ ಮೇಲೆ ತಕರಾರು ಬರೆದುಕೊಡಲು ಪಂಚಾಯ್ತಿ ಮುಂದೆ ಜನ ಸಾಲುಗಟ್ಟಿದ್ದರು.

ಕೆಂಪಾಜಮ್ಮನ ಹೆಸರಿನಲ್ಲಿ ನಾನೂ ಒಂದು ತಕರಾರು ಬರೆದುಕೊಟ್ಟೆ, ವಿಚಾರಣೆಗೆ ದಿನ ನಿಗದಿಯಾಯಿತು. ನಿಜ ಹೇಳು ಎಂದು ಕೆಂಪಾಜಮ್ಮನಿಗೆ ದುಂಬಾಲು ಬಿದ್ದೆ. “ಆಣೆ ಇಟ್ಟಿವ್ನಿ” ಎಂದು ಅವಳು ಅಲ್ಲಾಡಲಿಲ್ಲ. ಕೊನೆಗೆ ಅವಳನ್ನು ಒಪ್ಪಿಸಿದ್ದು ಕೆಂಪಯ್ಯ. “ಏಳ್ಬುಡು ಕೆಂಪಾಜಿ” ಎಂದ, ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು. “ನಂಗೆ ಅಸಿವು ತಡಿಯಕ್ಕಾಗಕಿಲ್ಲ.”

ಶಾಲೆಯ ಜಗಲಿಯಲ್ಲಿ ತಾಲ್ಲೂಕಿನಿಂದ ಬಂದ ಸಾಹೇಬರು ಕೂತಿದ್ದರು, ಅಂಗಳದ ತುಂಬ ಜನ. ಕೆಂಪಾಜಮ್ಮ ತೊಳೆದ ಸೀರೆಯುಟ್ಟು ಬಂದಳು. ಹೆಸರು ಕರೆದಾಗ ಎದ್ದು ನಿಂತು, ಸೆರಗು ಹೊದ್ದು ಹೇಳಿದಳು: “ಕುರ್ಚಿ, ಟಿವಿ ನಂದಲ್ಲ ಸಾ. ವಿಶಾಲಮ್ಮಂದು. ನಮ್ಮನೇಲಿ ಒಂದೊತ್ತು ಒಲೆ ಅಚ್ಚುದ್ರೆ ಒಂದೊತ್ತು ಇಲ್ಲ. ಒಟ್ಟೆಗಿಲ್ಲ ಸಾ ನಮ್ಗೆ.” ಸಂಬಳದ ದಿನ ಕನಕಾಂಬರ ಮುಡಿದು ಬಸ್ಸಿಳಿಯುತ್ತಿದ್ದ ಹೆಂಗಸಿನ ಬಾಯಲ್ಲಿ ಈ ಮಾತನ್ನು ಆ ಊರು ಎಂದೂ ಕೇಳಿರಲಿಲ್ಲ.

ಸಾಹೇಬರು ವಿಶಾಲಮ್ಮನನ್ನು ಕರೆದರು. ಇಪ್ಪತ್ತು ವರ್ಷ ಒಂದೇ ಗೋಡೆ ಹಂಚಿಕೊಂಡವಳು, ಮಧುಶ್ರೀಯ ಬಾಣಂತನ ಮಾಡಿದವಳು. ಒಪ್ಪಿಕೊಳ್ಳುತ್ತಾಳೆ ಎಂದೇ ನಾನು ನಂಬಿದ್ದೆ.

“ಯಾವ್ ಕುರ್ಚಿ ಸಾ?” ಅಂದಳು ವಿಶಾಲಮ್ಮ. “ನಮ್ಮನೇಲಿ ಚಾಪೆ ಬುಟ್ರೆ ಏನದೆ? ಅವು ಮೊದ್ಲಿಂದ್ಲೂ ಕೆಂಪಾಜಮ್ಮಂವೆ. ಕಾರ್ಖಾನೆ ದುಡ್ನಲ್ಲಿ ತಗಂಡಿದ್ಲು.” ಬಸವಯ್ಯ ಹೌದೆಂದು ಗೋಣು ಹಾಕಿದ.

ಅಯ್ಯೋ ಪಾಪಿ! ನಾನು ಎದ್ದು ನಿಂತು ಕಿರುಚಿದೆ, ಇದು ಸುಳ್ಳು, ಇದು ಶುದ್ಧ ಸುಳ್ಳು ಎಂದು. ಸಾಹೇಬರು ಫಾರಂ ಎತ್ತಿ ತೋರಿಸಿದರು. “ಟೀಚರ್, ಕೆಂಪಾಜಮ್ಮಂದೇ ಅಂತ ಬರ್ದಿರೋದು ನೀವು. ಸಹಿ ನಿಮ್ದು. ಆವಾಗ ಸುಳ್ಳು ಬರೆದ್ರಾ, ಈವಾಗ ಸುಳ್ಳು ಹೇಳ್ತಿದ್ದೀರಾ?” ನಾನು ಕೂತೆ.

“ತಕರಾರು ವಜಾ” ಎಂದು ಅವರು ಬರೆದುಕೊಂಡರು.

ಕೆಂಪಾಜಮ್ಮ ಅಳಲಿಲ್ಲ, ಶಾಪ ಹಾಕಲಿಲ್ಲ. ವಿಶಾಲಮ್ಮನ ಮುಂದೆ ಹೋಗಿ ನಿಂತಳು.

“ಅಕ್ಕಿ ಓದ್ರೆ ಓಯ್ತು ಕಣವ್ವ” ಅಂದಳು. “ನಿಂಗೂ ಮಗ್ಳವ್ಳೆ, ಆಸ್ಟೆಲ್ ಸೇರ್ಲಿ. ಒಟ್ಟೆಗಿಲ್ಲ ಅಂತ ಊರ್ ಮುಂದೆ ಬಾಯ್ಬುಟ್ಟು ಅಂದ್ನಲ್ಲ, ಆ ಮಾತ್ನ ನಂಗೆ ಯಾರ್ ವಾಪಸ್ ಕೊಟ್ಟಾರು?”

ಸಾಹೇಬರು ಮುಂದಿನ ಹೆಸರು ಕೂಗಿದರು.