ಚಾರ್ಜಿಂಗ್ ಪಿನ್ನಿಗೆ ಇಟ್ಟ ಕುಂಕುಮ

ಸ್ನೇಹಿತರೇ, ನಮ್ಮ ಹಳೆಯ ಎಲೆಕ್ಟ್ರಿಕ್ ಸ್ಕೂಟರ್ ಇಂದು ಬೆಳಿಗ್ಗೆ ವಿಜಯನಗರದಲ್ಲಿ ಕೈಕೊಟ್ಟಿತು. ಬ್ಯಾಟರಿಯ ವಾರಂಟಿ ಇನ್ನೂ ಮುಗಿದಿಲ್ಲ ಎಂಬ ಧೈರ್ಯದಿಂದ ನಾನೂ ಹೆಂಡತಿಯೂ ಅದನ್ನು ಸರ್ವಿಸ್ ಸೆಂಟರಿಗೆ ತಳ್ಳಿಕೊಂಡು ಹೋದೆವು.

ಸೂಪರ್‌ವೈಸರ್ ಚಾರ್ಜಿಂಗ್ ಪಿನ್ನಿನ ಮುಚ್ಚಳ ತೆರೆದರು. ಒಳಗೆಲ್ಲ ಕುಂಕುಮ.

“ಸಾರ್, ವಾರಂಟಿ ಬರಲ್ಲ. ಹೊಸ ಬ್ಯಾಟರಿ ನೀವೇ ಹಾಕಿಸ್ಕೋಬೇಕು.”

“ಆಯುಧಪೂಜೆಗೆ ನಾನೇ ಇಟ್ಟಿದ್ದು ಕಣಪ್ಪ,” ಎಂದಳು ಹೆಂಡತಿ. “ಪೆಟ್ರೋಲ್ ಗಾಡೀಲಿ ಇಂಜಿನ್‌ಗೆ ಇಡ್ತಿದ್ದೆ. ಇದಕ್ಕೆ ಇಂಜಿನ್ನೇ ಇಲ್ವಲ್ಲ, ಇನ್ನೆಲ್ಲಿಗೆ ಇಡ್ಲಿ?”

ಅಷ್ಟರಲ್ಲಿ ಅವಳ ಕಣ್ಣು ಅವರ ಕಂಪ್ಯೂಟರಿನ ಮೇಲೆ ಬಿತ್ತು. ಪರದೆಗೆ ವಿಭೂತಿ ಪಟ್ಟೆ, ಕೀಬೋರ್ಡಿನ ಸಂದಿಯಲ್ಲೆಲ್ಲ ಅರಿಶಿನ.

“ಇದರ ವಾರಂಟಿನೂ ಹೋಯ್ತಾ?”

ಸೂಪರ್‌ವೈಸರ್ ದನಿ ತಗ್ಗಿಸಿದರು. “ಬ್ಯಾಟರಿ ಹೋಗಿರೋದು ಕುಂಕುಮದಿಂದ ಅಲ್ಲ ಮೇಡಂ. ಆದ್ರೆ ಫೋಟೋದಲ್ಲಿ ಕಂಡ್ರೆ ಕಂಪನಿಯವರು ಒಪ್ಪಲ್ಲ. ಒರೆಸ್ಬಿಡಿ, ಫೋಟೋ ತೆಗೆದು ಕಳಿಸ್ತೀನಿ.”

“ಶುಕ್ರವಾರ ಕುಂಕುಮ ಒರೆಸೋದಾ? ಬಿಡ್ತು ಅನ್ನಿ!”

ಅವರು ಕೈಯಲ್ಲಿದ್ದ ಬಟ್ಟೆಯನ್ನು ತಕ್ಷಣ ಕೆಳಗಿಟ್ಟರು. “ಬಿಡ್ತು, ಬಿಡ್ತು. ನಾಳೆ ಬನ್ನಿ ಮೇಡಂ.”

ಬಸ್ಸಿನಲ್ಲಿ ಮನೆಗೆ ಬಂದೆವು. ವಾರಂಟಿಯ ಷರತ್ತು ಬರೆದವರು ಯಾರೋ ಕಾಣೆ, ಪಂಚಾಂಗ ನೋಡಿ ಬರೆದವರಂತೂ ಅಲ್ಲ.