ನಿದ್ದೆಯಿಂದೆದ್ದು ಮಾತಾಡಬೇಕು

ಬೀದಿಗೆ ಇನ್ನೂ ಬೆಳಕು ಬಿದ್ದಿಲ್ಲ. ಹಳೆಯ ಕಂಪ್ಯೂಟರ್ ಅಂಗಡಿಯ ಹಿಂಕೋಣೆಯಲ್ಲಿ ಹೆಂಗಸೊಬ್ಬರು ಲ್ಯಾಪ್‌ಟಾಪಿಗೆ ಕಿವಿಗೊಟ್ಟು ಕೂತಿದ್ದಾರೆ. ಒಳಗೆ ಫ್ಯಾನು ಸಣ್ಣಗೆ ಉಸಿರಾಡುತ್ತಿದೆ. ಪರದೆಯ ನೀಲಿ ಗೋಡೆಗೆಲ್ಲ ಹಬ್ಬಿ, ಕೋಣೆಯೇ ಕೊಳದ ತಳದಂತೆ ಮೆಲ್ಲಗೆ ತೂಗುತ್ತದೆ.

“ಗಾಡಿ ಓಡಾಡೋಕೆ ಶುರುವಾದ್ರೆ ಸ್ಪೀಕರ್ ಕರಕರ ಅನ್ನೋದು ಕೇಳಿಸಲ್ಲ. ಅದಕ್ಕೇ ಇಷ್ಟು ಬೇಗ ಬರ್ತೀನಿ,” ಎನ್ನುತ್ತಾರೆ, ಮಲಗಿದವರನ್ನು ಎಬ್ಬಿಸಬಾರದೆಂಬ ಪಿಸುದನಿಯಲ್ಲಿ.

ಕೊರಳಲ್ಲೊಂದು ದಾರ, ದಾರದ ತುದಿಗೆ ಪೆನ್‌ಡ್ರೈವ್. ಬೀದಿಯವರ ಬಾಯಲ್ಲಿ ಇವರು ‘ಪೆನ್‌ಡ್ರೈವ್ ಅಕ್ಕ’. ಮುಂಗೋಣೆಯಲ್ಲಿ ಹಳೆಯ ಯಂತ್ರಗಳನ್ನು ಮಾರುವುದು ಇವರ ತಮ್ಮನ ಕೆಲಸ. ಅವಕ್ಕೆ ಲಿನಕ್ಸ್ ಒಗ್ಗುತ್ತದೋ ಇಲ್ಲವೋ ನೋಡುವುದು ಅಕ್ಕನ ಪಾಲು. ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ, ಮುದಿ ಯಂತ್ರಕ್ಕೂ ಹಗುರಾದ ವ್ಯವಸ್ಥೆ ಅದು. ಆದರೆ ಒಳಗಿನ ಬಿಡಿಭಾಗಗಳೆಲ್ಲ ಅದರ ಮಾತು ಕೇಳಬೇಕಲ್ಲ! ಡಿಸ್ಕಿನ ತಂಟೆಗೆ ಹೋಗದೆ, ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ಒಂದೊಂದನ್ನೇ ವಿಚಾರಿಸಿಕೊಳ್ಳುತ್ತಾರೆ. “ಒಂದರಲ್ಲಿ ವೈಫೈ ಮುಖ ತಿರುಗಿಸುತ್ತೆ, ಇನ್ನೊಂದರಲ್ಲಿ ಟಚ್‌ಪ್ಯಾಡ್ ಮುನಿಸ್ಕೊಳ್ಳುತ್ತೆ. ಬೈದ್ರೆ ಆಗುತ್ತಾ? ಪುಸಲಾಯಿಸ್ಬೇಕು.”

ಅದಕ್ಕೂ ಬಗ್ಗದಿದ್ದರೆ ಗಿರಾಕಿಯ ಎದುರೇ ‘ಆಗಲ್ಲ’ ಎಂದುಬಿಡುತ್ತಾರೆ. “ಅಕ್ಕನ ಬಾಯಿಗೆ ಬೀಗ ಹಾಕಿದ್ರೆ ಅಂಗಡಿ ಎಂದೋ ಉದ್ಧಾರ ಆಗ್ತಿತ್ತು,” ಎಂದು ತಮ್ಮ ಗೊಣಗುತ್ತಾರೆ.

ಮೇಜಿನ ಮೇಲಿನ ಲ್ಯಾಪ್‌ಟಾಪ್ ಕಣ್ಣು ಕಾಣದ ಬೆರಳಚ್ಚುಗಾರ್ತಿಯೊಬ್ಬರದು. ಪರದೆಯಲ್ಲಿರುವುದನ್ನು ಯಂತ್ರ ಓದಿ ಹೇಳಿದರಷ್ಟೇ ಅವರ ಬೆರಳಿಗೆ ದಾರಿ. ಸದ್ದು ಸರಿಯಾಗಿದೆಯೆಂದು ಅಕ್ಕ ಹೋದ ವಾರ ಕೊಟ್ಟು ಕಳಿಸಿದ್ದರು. ಆಕೆ ಊಟಕ್ಕೇಳುವಾಗ ಮುಚ್ಚಳ ಮುಚ್ಚಿ, ಬಂದು ತೆರೆದರೆ ಯಂತ್ರಕ್ಕೆ ಬಾಯಿಯೇ ಇಲ್ಲ! ಯಂತ್ರ ನಿದ್ದೆಯಿಂದ ಎದ್ದಿತ್ತು, ಸದ್ದಿನ ಚಿಪ್ ಎದ್ದಿರಲಿಲ್ಲ. “ಎಲ್ಲಾ ನೋಡಿದ್ದೆ, ಮಲಗಿಸಿ ಎಬ್ಬಿಸಿ ನೋಡಿರ್ಲಿಲ್ಲ,” ಎಂದು ಅಕ್ಕ ತಲೆ ತಗ್ಗಿಸುತ್ತಾರೆ. ಇವತ್ತೂ ಅದು ಮಾತಾಡದಿದ್ದರೆ ಬೆರಳಚ್ಚುಗಾರ್ತಿ ಒಪ್ಪಿಕೊಂಡ ಕೆಲಸ ಬೇರೆಯವರ ಕೈಸೇರುತ್ತದೆ.

ಬೆಳಕು ಹರಿಯುವಷ್ಟರಲ್ಲಿ ಅವರು ಬಂದೇಬಿಡುತ್ತಾರೆ. “ಏನಮ್ಮಾ, ನಮ್ಮ ಮಹಾರಾಣಿ ಮೌನವ್ರತ ಮುಗೀತಾ?”

“ಹೊಸ ಲಿನಕ್ಸ್ ಹಾಕಿದ್ದೀನಿ. ನೀವೇ ಮುಚ್ಚಿ ನೋಡಿ. ಆಗ್ಲಿಲ್ಲ ಅಂದ್ರೆ ಆಗಲ್ಲ ಅಂತಲೇ ಹೇಳ್ತೀನಿ.”

ಮುಚ್ಚಳ ಮುಚ್ಚುತ್ತದೆ. ಫ್ಯಾನಿನ ಉಸಿರು ನಿಲ್ಲುತ್ತದೆ. ಹೊರಗೆ ಸೈಕಲ್ಲೊಂದು ಕನಸಿನೊಳಗಿಂದ ಹಾದಂತೆ ಹೋಗುತ್ತದೆ. ಮತ್ತೆ ತೆರೆದಾಗ ಇಬ್ಬರೂ ಕಿವಿಯೇ ಆಗಿ ಕೂತಿದ್ದಾರೆ. ಸದ್ದಿಲ್ಲ. ಆಮೇಲೆ ಏರಿಳಿತವಿಲ್ಲದ ದನಿ: “ಪಾಸ್‌ವರ್ಡ್ ನಮೂದಿಸಿ.”

“ಕೊಡ್ತೀನಿ ತಡಿಯೇ! ಎದ್ದಿದ್ದೇ ತಡ, ಎಷ್ಟು ದರ್ಬಾರು!” ಬೆರಳಚ್ಚುಗಾರ್ತಿಯ ಬೆರಳುಗಳು ಆಗಲೇ ಕೀಲಿಗಳ ಮೇಲಿವೆ. ಅಕ್ಕ ಮಾತ್ರ ನಂಬುವುದಿಲ್ಲ. ಮತ್ತೆ ಮಲಗಿಸುತ್ತಾರೆ, ಮತ್ತೆ ಎಬ್ಬಿಸುತ್ತಾರೆ. ಪ್ರತಿ ಸಲವೂ ಅದು ಮಾತಾಡುತ್ತದೆ.

ಬ್ಯಾಗು ಹೆಗಲಿಗೇರಿಸಿ ಹೊರಟ ಬೆರಳಚ್ಚುಗಾರ್ತಿಯನ್ನು ಅಕ್ಕ ಬಾಗಿಲವರೆಗೆ ಬಿಟ್ಟು ಬರುತ್ತಾರೆ. ನಿಮ್ಮ ಆಸೆಯೇನು ಎಂದು ಕೇಳಿದರೆ ನಗುತ್ತಾರೆ.

“ಆ ಯಂತ್ರ ಮತ್ತೆ ಇಲ್ಲಿಗೆ ಬರಬಾರ್ದು. ಅವರು ಬರ್ಲಿ, ಸುಮ್ನೆ ಹರಟೆಗೆ.”